ಅಂತರ್ಯುದ್ಧಪೂರ್ವ ಅಮೆರಿಕದಲ್ಲಿ ಗುಲಾಮಗಿರಿ ಮತ್ತು ಪ್ರಾತಿನಿಧ್ಯ

1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನವು ‘ಗುಲಾಮ’ ಎಂಬ ಪದವನ್ನು ಬಳಸದೆಯೇ, ಪ್ರತಿನಿಧಿ ಸಭೆಯ ಸ್ಥಾನಗಳ ಹಂಚಿಕೆಯಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಏರ್ಪಾಡು ಮಾಡಿತು. ಮತದಾನದ ಹಕ್ಕಿಲ್ಲದ ಈ ಜನರ ಸಂಖ್ಯೆಯು ಹೀಗೆ ಅವರ ಒಡೆಯರ ರಾಜಕೀಯ ಬಲವಾಗಿ ಪರಿಣಮಿಸಿತು. 1793ರಲ್ಲಿ ಎಲಿ ವಿಟ್ನಿ ರೂಪಿಸಿದ, ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವು ದಕ್ಷಿಣದಲ್ಲಿ ಹತ್ತಿಯ ಬೇಸಾಯವನ್ನು ವಿಸ್ತರಿಸಿತು; 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ 39 ಲಕ್ಷವನ್ನು ಮೀರಿತು. 1836ರಿಂದ 1844ರವರೆಗೆ ಗುಲಾಮಗಿರಿ ವಿರೋಧಿ ಅರ್ಜಿಗಳ ಚರ್ಚೆಯನ್ನೇ ಪ್ರತಿನಿಧಿ ಸಭೆ ತಡೆಯಿತು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಫ್ರಿಕನ್ ಮೂಲದವರು ದೇಶದ ಪೌರರಾಗಲಾರರೆಂದು ಸಾರಿತು. ಸ್ಥಾನಬಲಕ್ಕಾಗಿ ಮನುಷ್ಯರೆಂದು ಎಣಿಸಿ, ಹಕ್ಕಿನ ವಿಷಯದಲ್ಲಿ ಸ್ವತ್ತೆಂದು ಕಂಡ ಈ ವೈರುಧ್ಯವು 1861-65ರ ಅಂತರ್ಯುದ್ಧವಿಲ್ಲದೆ ಬಗೆಹರಿಯಲಿಲ್ಲ. 1868ರ 14ನೆಯ ತಿದ್ದುಪಡಿಯು ಆ ಎಣಿಕೆಯನ್ನು ಕೊನೆಗಾಣಿಸಿತು.