ಕಲ್ಲು, ಮಣ್ಣು, ಬೆಂಕಿ: ಪಿಂಗಾಣಿ ಹುಟ್ಟುವ ಬಗೆ

ಹೆಬ್ಬೂರು ಸೀಮೆಯ ಹಳೆಯ ಮನೆಗಳಲ್ಲಿ ಉಪ್ಪಿನಕಾಯಿಗೆ ಜಾಡಿಯೇ ಆಗಬೇಕು. ಉಪ್ಪು, ಹುಳಿ, ಖಾರ ಮೂರನ್ನೂ ವರ್ಷಗಟ್ಟಲೆ ತಾಳಿಕೊಳ್ಳುವ ಪಾತ್ರೆ ಅದು. ಮೇಲೆ ಕಂದು, ಕೆಳಗೆ ಕೆನೆಬಣ್ಣದ ಆ ಜಾಡಿ ಒಡೆದರೆ ಒಳಗಿನ ಮಣ್ಣು ಒರಟಾಗಿ, ಮಾಸಲಾಗಿ ಕಾಣುತ್ತದೆ. ಅಪ್ಪಟ ಪಿಂಗಾಣಿ ಹಾಗಲ್ಲ. ಅದು ಒಳಗೂ ಹೊರಗೂ ಬಿಳಿ. ತೆಳು ಬಟ್ಟಲನ್ನು ಬಿಸಿಲಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣುತ್ತದೆ. ತಟ್ಟಿದರೆ ಕಂಚಿನಂತೆ ನಾದ ಕೊಡುತ್ತದೆ. ಇದನ್ನು ಸಾವಿರ ವರ್ಷಕ್ಕೂ ಹಿಂದೆ ಸಾಧಿಸಿದವರು ಚೀನಾದ ಕುಂಬಾರರು.

ಜಿಯಾಂಗ್‌ಷಿ ಪ್ರಾಂತದ ಜಿಂಗ್‌ಡೆಝೆನ್ ಈ ಕಸುಬಿನ ತವರು. ಸಾಂಗ್ ವಂಶದ ಚಕ್ರವರ್ತಿಯೊಬ್ಬ ತನ್ನ ಆಳ್ವಿಕೆಯಲ್ಲಿ 1004ರಿಂದ ಬಳಸಿದ ಕಾಲನಾಮವೇ ಊರಿಗೂ ಬಂತು. ಸುತ್ತ ಪೈನ್ ಕಾಡು, ಸಾಗಣೆಗೆ ಹೊಳೆ, ಗುಡ್ಡಗಳಲ್ಲಿ ಬೇಕಾದ ಕಚ್ಚಾವಸ್ತು. ಎಲ್ಲವೂ ಕೈಯಳತೆಯಲ್ಲಿದ್ದವು.

ಪಿಂಗಾಣಿಗೆ ಬೇಕಾದದ್ದು ಎರಡು. ಒಂದು, ಗಾವೊಲಿಂಗ್ ಗುಡ್ಡದ ಬಿಳಿ ಜೇಡಿ. ಜಗತ್ತು ಇಂದು ಬಳಸುವ ಕೆಯೋಲಿನ್ ಎಂಬ ಹೆಸರು ಈ ಗುಡ್ಡದಿಂದ ಬಂದದ್ದು. ಇನ್ನೊಂದು, ಪಿಂಗಾಣಿ ಕಲ್ಲು. ಹೊಳೆಯ ನೀರಿನ ಬಲದಿಂದ ಏಳುತ್ತ ಬೀಳುತ್ತ ಇರುವ ಒನಕೆಗಳು ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತವೆ. ಪುಡಿಯನ್ನು ನೀರಿನಲ್ಲಿ ಕದಡಿ, ನುಣುಪಾದ ಭಾಗವನ್ನಷ್ಟೇ ತೆಗೆದು ಇಟ್ಟಿಗೆ ಕಟ್ಟುತ್ತಾರೆ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲಿನ ಅಂಶ ಕರಗಿ ಗಾಜಾಗುತ್ತದೆ. ಜೇಡಿ ಮಾತ್ರ ಆಕಾರವನ್ನು ಬಿಗಿಯಾಗಿ ಹಿಡಿದಿಡುತ್ತದೆ. ನಮ್ಮ ಸಾಮಾನ್ಯ ಮಡಕೆಯನ್ನು ಇಷ್ಟು ಶಾಖಕ್ಕೆ ಒಡ್ಡಿದರೆ ಕುಸಿದುಬೀಳುತ್ತದೆ.

ಸಾಂಪ್ರದಾಯಿಕ ಪದ್ಧತಿಯಲ್ಲಿ ತಿಗರಿಯ ಮೇಲೆ ಎತ್ತಿದ ಬಟ್ಟಲು ಮೊದಲು ದಪ್ಪಗಿರುತ್ತದೆ. ಅರೆ ಒಣಗಿದಾಗ ಅಚ್ಚಿನ ಮೇಲೆ ಒತ್ತಿ ತಿದ್ದುತ್ತಾರೆ. ಪೂರ್ತಿ ಒಣಗಿದ ಮೇಲೆ ಮತ್ತೆ ತಿಗರಿಗೆ ಏರಿಸಿ ಉಳಿಯಿಂದ ಹೆರೆದು ತೆಳುವಾಗಿಸುತ್ತಾರೆ. ಆಮೇಲೆ ಚಿತ್ರಗಾರನ ಸರದಿ. ಕೋಬಾಲ್ಟ್ ಬಣ್ಣವನ್ನು ಇನ್ನೂ ಸುಡದ ಮೈ ಹೀರಿಕೊಳ್ಳುವುದರಿಂದ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಬರೆಯುವಾಗ ಮಸಿಬಣ್ಣ, ಬೆಂಕಿ ಕಂಡ ಮೇಲಷ್ಟೇ ನೀಲಿ. 14ನೇ ಶತಮಾನದಲ್ಲಿ ಈ ಕೋಬಾಲ್ಟ್ ಪರ್ಷಿಯಾ ಕಡೆಯಿಂದ ಬರುತ್ತಿತ್ತು. ಚಿತ್ರದ ಮೇಲೆ ಗಾಜುಲೇಪ: ಚಿಕ್ಕ ಪಾತ್ರೆಗಳನ್ನು ಅದ್ದಿ ತೆಗೆಯುತ್ತಾರೆ, ದೊಡ್ಡವಕ್ಕೆ ತುದಿಗೆ ತೆಳುಬಟ್ಟೆ ಕಟ್ಟಿದ ಬಿದಿರಿನ ಕೊಳವೆಯಿಂದ ಊದುತ್ತಾರೆ. ಬೂದಿ ತಾಗದಂತೆ ಪ್ರತಿಯೊಂದನ್ನೂ ಮಣ್ಣಿನ ಪೆಟ್ಟಿಗೆಯಲ್ಲಿಟ್ಟು, ಪೈನ್ ಸೌದೆಯ ಗೂಡಿನಲ್ಲಿ ಸುಡುತ್ತಾರೆ. ಒಂದು ಬಟ್ಟಲಿಗೆ 72 ಕೆಲಸಗಳೆಂದು 1637ರಲ್ಲಿ ಚೀನಾದ ಬರಹಗಾರ ಸಾಂಗ್ ಯಿಂಗ್‌ಷಿಂಗ್ ಲೆಕ್ಕ ಕೊಟ್ಟಿದ್ದಾನೆ. ಜಗತ್ತು ಚಕ್ರವರ್ತಿಗಳ ಹೆಸರಿನಿಂದ ಗುರುತಿಸುವ ಈ ಪಾತ್ರೆಗಳು ನಿಜಕ್ಕೂ ಹೆಸರಿಲ್ಲದ ನೂರಾರು ಕುಶಲಕರ್ಮಿಗಳವು.

ಈ ವಿದ್ಯೆ ಯುರೋಪಿಗೆ ದಕ್ಕಿದ್ದು 18ನೇ ಶತಮಾನದ ಆರಂಭದಲ್ಲಿ, ಜರ್ಮನಿಯ ಮೈಸೆನ್‌ನಲ್ಲಿ. ಆದರೆ ಪಾತ್ರೆಗಳು ಅದಕ್ಕೂ ಬಹಳ ಮೊದಲೇ ಕಡಲು ದಾಟಿ ಕನ್ನಡ ನಾಡಿಗೆ ಬಂದಿದ್ದವು. 1565ರ ಯುದ್ಧದ ನಂತರ ಹಾಳುಬಿದ್ದ ಹಂಪಿಯಲ್ಲಿ ಉತ್ಖನನ ನಡೆದಾಗ, ಶ್ರೀಮಂತರ ಮನೆಗಳಿದ್ದ ನೆಲೆಯಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ವಿಜಯನಗರದ ಊಟದ ಮನೆಗೂ ಜಿಂಗ್‌ಡೆಝೆನ್‌ನಂಥ ಊರುಗಳ ಗೂಡಿಗೂ ನಂಟಿತ್ತು ಎಂಬುದಕ್ಕೆ ಇವು ಸಾಕ್ಷಿ.

ಮೈಸೂರು ಸಂಸ್ಥಾನಕ್ಕೆ ಪಿಂಗಾಣಿ ಬೇಕಾದದ್ದು ಬೇರೆ ಕಾರಣಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಜಾಲ ಬೆಳೆದಂತೆ ಕಂಬಗಳಿಗೆ ಪಿಂಗಾಣಿಯ ಇನ್ಸುಲೇಟರ್‌ಗಳು ಬೇಕಾದವು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಬಳಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಎದ್ದಿತು. ಮುಂದೆ ಅದು ಮೈಸೂರು ಪೋರ್ಸಲೀನ್ಸ್ ಆಗಿ, 1976ರಲ್ಲಿ ಬಿಎಚ್‌ಇಎಲ್ ಸೇರಿತು.

ಹಂಪಿಗೆ ಹೋಗುವವರು ಕಲ್ಲಿನ ರಥ ನೋಡಿ ಹಿಂತಿರುಗುವ ಮುನ್ನ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಮಯ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದೊಯ್ದು ಅಗೆತದಲ್ಲಿ ಸಿಕ್ಕ ಪಾತ್ರೆಗಳ ಚೂರುಗಳನ್ನು ತೋರಿಸಿ, ಅವು ಆದ ಬಗೆಯನ್ನು ಹೇಳಿ. ಅರಮನೆಗಳಷ್ಟೇ ಗೌರವ ಈ ಕುಂಬಾರರ ದುಡಿಮೆಗೂ ಸಲ್ಲಬೇಕು.