ಮಾಮೂಲು ಎಂಬ ಮಾತು

ಒಂದು ವಸ್ತುವಿಗೆ ಜನರು ಅನೇಕ ಹೆಸರುಗಳನ್ನು ಇಟ್ಟಿದ್ದಾರೆಂದರೆ, ಅದರಲ್ಲಿ ಅವರಿಗೆ ಬಹಳ ಪ್ರೀತಿಯಿರಬೇಕು, ಇಲ್ಲವೆ ಬಹಳ ನಾಚಿಕೆಯಿರಬೇಕು. ಲಂಚವು ಎರಡನೆಯ ಬಗೆಗೆ ಸೇರಿದುದು. ಕಾಣಿಕೆ, ಕಾಫಿ ಖರ್ಚು, ಕೈ ಬೆಚ್ಚಗೆ ಮಾಡುವುದು, ಮೇಲ್ಸಂಪಾದನೆ, ಮಾಮೂಲು, ಇವೆಲ್ಲ ಅದರ ನಾಮಾಂತರಗಳು. ಇವುಗಳಲ್ಲಿ ಕೊನೆಯದೇ ಅತ್ಯಂತ ಅಪಾಯಕರವಾದುದೆಂದು ನಮ್ಮ ಅಭಿಪ್ರಾಯ. ಮಾಮೂಲು ಎಂದರೆ ವಾಡಿಕೆಯಾದುದು, ಹಿಂದಿನಿಂದ ನಡೆದುಬಂದುದು ಎಂದರ್ಥ. ಆ ಹೆಸರು ಒಮ್ಮೆ ಬಿದ್ದಿತೆಂದರೆ ತಪ್ಪು ತಪ್ಪಾಗಿ ಉಳಿಯದೆ ಪದ್ಧತಿಯಾಗಿಬಿಡುವುದು.

ಪರರ ಮಾತೇಕೆ? ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ಕಾಲವಾದ ಮೇಲೆ ಪೌತಿ ಖಾತೆಗಾಗಿ ನಾವು ಒಂದು ಕಚೇರಿಗೆ ಐದಾರು ಸಲ ಅಲೆದೆವು. ಕಾಗದಪತ್ರಗಳಲ್ಲಿ ಲೋಪವೇನೂ ಇರಲಿಲ್ಲ. ಆದರೂ ಅರ್ಜಿಯು ಕದಲಲೊಲ್ಲದು. ಕೊನೆಗೆ ಬಲ್ಲವರೊಬ್ಬರ ಸಲಹೆಯಂತೆ 2,000 ರೂಪಾಯಿ ಕೊಟ್ಟೆವು, ವಾರದೊಳಗೆ ಕೆಲಸವಾಯಿತು. ಆ ರಾತ್ರಿ ಮನೆಯ ಲೆಕ್ಕ ಬರೆಯುತ್ತಿದ್ದ ನಮ್ಮ ಮನೆಯವರು, “ಇದನ್ನು ಯಾವ ಬಾಬ್ತಿನಲ್ಲಿ ಬರೆಯಲಿ?” ಎಂದು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇತರ ಖರ್ಚು ಎಂದು ಬರೆ” ಎಂದೆವು. ನಮ್ಮ ಮನೆಯ ಪುಸ್ತಕದಲ್ಲಿ ಸುಳ್ಳು ಲೆಕ್ಕ ಸೇರಿದುದು ಅದೇ ಮೊದಲು.

ಅಮೇರಿಕೆಯ ರಾಜ್ಯಶಾಸ್ತ್ರಜ್ಞ ಆರ್ನಲ್ಡ್ ಹೈಡನ್‌ಹೈಮರ್ ಎಂಬವರು 1970ರಲ್ಲಿ ಭ್ರಷ್ಟಾಚಾರವನ್ನು ಮೂರು ಬಣ್ಣಗಳಾಗಿ ವಿಂಗಡಿಸಿದರು. ಪ್ರಜೆಗಳೂ ಪ್ರಭುಗಳೂ ಒಮ್ಮತದಿಂದ ಖಂಡಿಸುವುದು ಕಪ್ಪು. ಇಬ್ಬರೂ ಸಹಿಸಿಕೊಳ್ಳುವುದು ಬಿಳುಪು. ಒಬ್ಬರು ತಪ್ಪೆಂದರೆ ಇನ್ನೊಬ್ಬರು ಅಲ್ಲವೆನ್ನುವುದು ಬೂದು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಬಣ್ಣವು ಕೃತ್ಯದಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ಆಸ್ಪತ್ರೆಯ ಔಷಧದ ಹಣವನ್ನು ನುಂಗಿದವನನ್ನು ಎಲ್ಲರೂ ಶಪಿಸುವರು. ತಮ್ಮ ಮಗನ ವರ್ಗಾವಣೆಗಾಗಿ ಶಿಫಾರಸು ಹಿಡಿಯುವಾಗ ಅದೇ ಜನರಿಗೆ ಅದು ಜಾಣತನವಾಗಿ ತೋರುವುದು.

ರಾಜಕಾರಣಿಗಳ ಕಣ್ಣೂ ಕಾಲಕ್ಕೆ ತಕ್ಕಂತೆ ಬದಲಾಗಿರುವುದುಂಟು. 1951ರಲ್ಲಿ ಎಚ್. ಜಿ. ಮುದ್ಗಲ್ ಎಂಬ ಪಾರ್ಲಿಮೆಂಟಿನ ಸದಸ್ಯರು ಮುಂಬಯಿಯ ಚಿನಿವಾರರ ಸಂಘದಿಂದ ಹಣ ಪಡೆದು ಸಭೆಯಲ್ಲಿ ಅದರ ಪರವಾಗಿ ವರ್ತಿಸಿದರೆಂಬ ಆಪಾದನೆ ಬಂದಿತು. ಮೊತ್ತವು ಕೆಲವೇ ಸಾವಿರ ರೂಪಾಯಿ. ಆದರೂ ಪ್ರಧಾನಿ ನೆಹರೂ ಅವರೇ ಸದಸ್ಯರನ್ನು ಹೊರಹಾಕಬೇಕೆಂಬ ಸೂಚನೆ ಮಂಡಿಸಿದರು; ಮುದ್ಗಲ್ ರಾಜೀನಾಮೆಯಿತ್ತರು. ಮುಂದೆ 1993ರ ಅವಿಶ್ವಾಸ ಸೂಚನೆಯ ಸಂದರ್ಭದಲ್ಲಿ ಹಣ ಪಡೆದು ಮತವಿತ್ತರೆಂಬ ಮೊಕದ್ದಮೆ ನಡೆದಾಗ, ಸುಪ್ರೀಂ ಕೋರ್ಟು 1998ರಲ್ಲಿ ವಿಚಿತ್ರವಾದ ಸ್ಥಿತಿಗೆ ಬಂದು ನಿಂತಿತು: ಹಣ ಪಡೆದು ಅದರಂತೆ ಮತವಿತ್ತ ಸದಸ್ಯನಿಗೆ ರಕ್ಷಣೆಯುಂಟು, ಹಣ ಪಡೆದೂ ಮತವೀಯದವನಿಗೆ ಇಲ್ಲ! ಏಳು ಮಂದಿ ನ್ಯಾಯಾಧೀಶರ ಪೀಠವು ಈ ತೀರ್ಪನ್ನು ತಳ್ಳಿಹಾಕಿದುದು 2024ರ ಮಾರ್ಚ್ 4ರಂದು. ನಡುವೆ ಕಳೆದುದು ಇಪ್ಪತ್ತಾರು ವರ್ಷ.

ಹಾಗೆಂದು ದೋಷವನ್ನೆಲ್ಲ ಅವರ ತಲೆಗೆ ಕಟ್ಟಿದರೆ ನ್ಯಾಯವಾಗದು. ಯಾವುದಾದರೊಬ್ಬ ಶಾಸಕರ ಮನೆಯ ಮುಂದೆ ಬೆಳಗಿನ ಹೊತ್ತು ನಿಂತು ನೋಡಿರಿ. ಮಗಳ ಮದುವೆಗೆ ಸಹಾಯ ಕೇಳುವವರು, ಗುಡಿಯ ಜೀರ್ಣೋದ್ಧಾರದ ಚಂದಾ ಪುಸ್ತಕ ತಂದವರು, ಜಾತ್ರೆಯವರು, ಆಸ್ಪತ್ರೆಯ ಬಿಲ್ಲು ಹಿಡಿದ ಬಡವರು. ಇಲ್ಲವೆಂದರೆ ಮುಂದಿನ ಸಲ ಮತವಿಲ್ಲ. ವಿಧಾನಸಭೆಯ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ದೊಡ್ಡ ರಾಜ್ಯಗಳಲ್ಲಿ 2022ರಲ್ಲಿ ವಿಧಿಸಿದ ಮಿತಿ 40 ಲಕ್ಷ ರೂಪಾಯಿ. ಬಾಗಿಲಿಗೆ ಬಂದವರಿಗೆ ವರ್ಷವಿಡೀ ಕೊಡುವುದು ಇದರ ಲೆಕ್ಕಕ್ಕೆ ಬಾರದು. ಆ ಹಣ ಎಲ್ಲಿಂದ ಬಂದೀತೆಂದು ಕೇಳುವವರು ಯಾರು? “ತಿಂದರೇನು, ಕೆಲಸ ಮಾಡಿಕೊಡುತ್ತಾನಲ್ಲ” ಎಂಬುದು ನಮ್ಮ ಸಮಾಧಾನ, “ಜನರೇ ಕೇಳುತ್ತಾರೆ, ಏನು ಮಾಡಲಿ?” ಎಂಬುದು ಅವರ ಸಮಾಧಾನ. ಬಡ ರೋಗಿಗೆ ಆ ಬಾಗಿಲ ಹೊರತು ಬೇರೆ ಬಾಗಿಲಿಲ್ಲವೆಂಬುದೂ ನಿಜವೇ. ಹೀಗೆ ಒಬ್ಬರ ನೆವವು ಇನ್ನೊಬ್ಬರ ನೆವಕ್ಕೆ ಊರುಗೋಲಾಗಿದೆ.

ಹಣ ಕೊಟ್ಟರೆ ಕೆಲಸ ಬೇಗ ಆಗುವುದು, ಇದರಿಂದ ಯಾರಿಗೇನು ನಷ್ಟ ಎಂದು ಕೆಲವರು ವಾದಿಸುವರು. ಸಂತಾನಂ ಸಮಿತಿಯು 1964ರ ತನ್ನ ವರದಿಯಲ್ಲಿ ಈ ‘ವೇಗದ ಹಣ’ದ ವಿಚಾರವನ್ನು ಚರ್ಚಿಸಿತು. ಚುರುಕಿಗೆ ಬೆಲೆ ಕಟ್ಟಿದ ಕಡೆ ವಿಳಂಬವೇ ಬಂಡವಾಳವಾಗುವುದು. ಕೊಡದವರ ಅರ್ಜಿಯನ್ನು ನಿಲ್ಲಿಸಿದರಲ್ಲದೆ ಕೊಟ್ಟವರಿಗೆ ವೇಗವೆಲ್ಲಿಯದು? ಇದನ್ನು ನಾವು ಕಣ್ಣಾರೆ ಕಂಡೆವು. ನಮ್ಮೊಡನೆ ಅದೇ ಬೆಂಚಿನ ಮೇಲೆ ವಿಧವಾ ವೇತನಕ್ಕಾಗಿ ಬಂದ ಮುದುಕಿಯೊಬ್ಬಳು ಕುಳಿತಿರುತ್ತಿದ್ದಳು. ಖಾತೆಯ ಪತ್ರ ತರಲು ಹೋದ ದಿನವೂ ಅವಳು ಅಲ್ಲಿಯೇ ಇದ್ದಳು. “ನಿಮ್ಮದು ಆಯ್ತಾ ಸ್ವಾಮಿ?” ಎಂದು ಕೇಳಿದಳು. ಆಯಿತೆಂದೆವು, ಹೇಗೆ ಆಯಿತೆಂದು ಹೇಳಲಿಲ್ಲ. ನಮಗೆ ಇತರ ಖರ್ಚಾದುದು ಅವಳಿಗೆ ಹಲವು ದಿನಗಳ ಅನ್ನ.

ಮಾರ್ಗವೇ ಇಲ್ಲವೆಂದು ತಿಳಿಯಬೇಕಾದುದಿಲ್ಲ. 2018ರ ತಿದ್ದುಪಡಿಯ ತರುವಾಯ ಲಂಚ ಕೊಡುವುದೂ ನೇರವಾಗಿ ಅಪರಾಧವೇ. ಆದರೆ ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯುಂಟು. ಕರ್ನಾಟಕದ 2011ರ ಸಕಾಲ ಕಾಯಿದೆಯು ಸೇವೆಗಳಿಗೆ ಗಡುವು ಕಟ್ಟಿ, ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ 500ಕ್ಕೆ ಮೀರದ ಪರಿಹಾರವನ್ನು ವಿಧಿಸಿತು. ಮೊತ್ತ ಅಲ್ಪ, ಆದರೆ ಕೇಳುವ ಹಕ್ಕು ಅಲ್ಪವಲ್ಲ. ನಾವು ಅಂದು ಕೇಳಲೇ ಇಲ್ಲ, ಕೊಡುವುದು ಸುಲಭವಾಗಿತ್ತು.

ಯಥಾ ರಾಜಾ ತಥಾ ಪ್ರಜಾ ಎಂದು ಹಿರಿಯರು ಹೇಳಿದರು. ರಾಜನನ್ನು ಪ್ರಜೆಗಳೇ ಆರಿಸುವ ಕಾಲದಲ್ಲಿ ಆ ಮಾತು ತಿರುಗಿ ನಿಲ್ಲುವುದು. ಗೃಹಸ್ಥರಾದ ನಮ್ಮಿಂದ ದೊಡ್ಡ ಕ್ರಾಂತಿಯಾಗಲಿಕ್ಕಿಲ್ಲ. ವಸ್ತುವನ್ನು ಅದರ ಹೆಸರಿನಿಂದ ಕರೆಯುವುದಾದರೂ ಆದೀತು. ಈ ಲೇಖನವನ್ನು ಬರೆಯುವ ಮುನ್ನ ನಾವು ಆ ವರ್ಷದ ಲೆಕ್ಕದ ಪುಸ್ತಕವನ್ನು ಹುಡುಕಿ ತೆಗೆದೆವು. ‘ಇತರ ಖರ್ಚು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಲಂಚ’ ಎಂದು ಬರೆದೆವು. ನಮ್ಮ ಮನೆಯವರು ಓದಿ ನೋಡಿ, ಪುಸ್ತಕವನ್ನು ಮಕ್ಕಳ ಕೈಗೆಟುಕುವ ಗೂಡಿನಲ್ಲಿಯೇ ಇಟ್ಟರು.