ಸಾಕುಪ್ರಾಣಿಗಳ ಶಸ್ತ್ರಚಿಕಿತ್ಸೆಯಲ್ಲಿ ಸೇವಾ ನ್ಯೂನತೆ: ದೂರುದಾರರಿಗೆ ಮಾಹಿತಿ

ಸಾಕಿದ ನಾಯಿ ಅಥವಾ ಬೆಕ್ಕು ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟಾಗ ಮಾಲೀಕರಿಗಾಗುವ ದುಃಖ ಸಹಜವಾದುದು. ಆದರೆ ಅದೇ ದಿನ ದೇಹವನ್ನು ಮಣ್ಣು ಮಾಡಿ, ಕೆಲವು ತಿಂಗಳುಗಳ ನಂತರ ದೂರು ಸಲ್ಲಿಸಲು ಮುಂದಾದರೆ, ನಡೆದುದನ್ನು ರುಜುವಾತುಪಡಿಸಲು ಮುಖ್ಯ ಆಧಾರವೇ ಉಳಿದಿರುವುದಿಲ್ಲ. ಆದುದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಯಾವುದು ಸೇವಾ ನ್ಯೂನತೆ?

ಶುಲ್ಕ ಪಡೆದು ನೀಡುವ ಪಶುವೈದ್ಯಕೀಯ ಚಿಕಿತ್ಸೆಯ ಬಗ್ಗೆ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೂರು ಸಲ್ಲಿಸಬಹುದು. ಸಂಪೂರ್ಣ ಉಚಿತವಾಗಿ ನೀಡಿದ ಸೇವೆ ಈ ಅಧಿನಿಯಮದ ವ್ಯಾಪ್ತಿಗೆ ಒಳಪಡುವುದಿಲ್ಲ. ಸರ್ಕಾರಿ ಪಶು ಆಸ್ಪತ್ರೆಯ ಬಗ್ಗೆ ದೂರುಗಳಿದ್ದಲ್ಲಿ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಜಿಲ್ಲಾ ಉಪ ನಿರ್ದೇಶಕರಿಗೆ ಲಿಖಿತ ಮನವಿ ಸಲ್ಲಿಸಬಹುದು.

ಫಲಿತಾಂಶ ಪ್ರತಿಕೂಲವಾಯಿತೆಂಬ ಒಂದೇ ಕಾರಣದಿಂದ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಉದಾಹರಣೆಗೆ, ಪಗ್ ಮೊದಲಾದ ಚಪ್ಪಟೆ ಮೂತಿಯ ತಳಿಗಳಲ್ಲಿ ಅರಿವಳಿಕೆಯ ಅಪಾಯ ಹೆಚ್ಚು. ಪೂರ್ವ ಪರೀಕ್ಷೆ ನಡೆಸಿ, ಅಪಾಯವನ್ನು ತಿಳಿಸಿ, ಸಮ್ಮತಿ ಪಡೆದು, ತಕ್ಕ ಎಚ್ಚರಿಕೆ ವಹಿಸಿದ ಮೇಲೂ ಪ್ರಾಣಿ ಮೃತಪಟ್ಟರೆ ಅದು ನಿರ್ಲಕ್ಷ್ಯವೆನಿಸದಿರಬಹುದು. ಆದರೆ ಹೊಟ್ಟೆಯೊಳಗೆ ಗಾಜ್ ಬಟ್ಟೆ ಬಿಟ್ಟು ಹೊಲಿಗೆ ಹಾಕುವುದು, ಅರಿವಳಿಕೆಯಿಂದ ಎಚ್ಚರಗೊಳ್ಳುವ ಮೊದಲೇ ಪ್ರಾಣಿಯನ್ನು ಗಮನಿಸುವವರಿಲ್ಲದೆ ಬಿಡುವುದು ಬೇರೆ ವಿಷಯ. ವ್ಯತ್ಯಾಸವನ್ನು ದಾಖಲೆಗಳೇ ತೋರಿಸಬೇಕು. ರುಜುವಾತಿನ ಹೊಣೆ ಸಾಮಾನ್ಯವಾಗಿ ದೂರುದಾರರ ಮೇಲಿರುತ್ತದೆ.

2. ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

(ಅ) ಮರಣದ ಕಾರಣದ ಬಗ್ಗೆ ಸಂದೇಹವಿದ್ದಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸುವುದು. ಚಿಕಿತ್ಸೆ ನೀಡಿದ ಆಸ್ಪತ್ರೆಯಲ್ಲಿ ಮಾಡಿಸದೆ, ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮುಂತಾದೆಡೆಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ಅಥವಾ ಸಂಬಂಧವಿಲ್ಲದ ಬೇರೆ ಪಶುವೈದ್ಯರಲ್ಲಿ ವಿಚಾರಿಸುವುದು ಸೂಕ್ತ. ಅಲ್ಲಿಯವರೆಗೆ ದೇಹವನ್ನು ಮಂಜುಗಡ್ಡೆಯ ನಡುವೆ ತಂಪಾಗಿರಿಸಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬಾರದು, ಇದರಿಂದ ಅಂಗಾಂಶಗಳು ಹಾಳಾಗುತ್ತವೆ.

(ಆ) ಸಮ್ಮತಿ ಪತ್ರ, ರಕ್ತಪರೀಕ್ಷೆ ವರದಿ, ಎಕ್ಸ್-ರೇ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಿಡುಗಡೆ ಚೀಟಿಗಳ ಪ್ರತಿಗಳನ್ನು ಆಸ್ಪತ್ರೆಯಿಂದ ಲಿಖಿತವಾಗಿ ಕೋರಿ, ಕೋರಿಕೆಗೆ ಸ್ವೀಕೃತಿ ಪಡೆಯುವುದು. ಆಸ್ಪತ್ರೆಯು ನೀಡದಿದ್ದಲ್ಲಿ, ಅವುಗಳನ್ನು ಹಾಜರುಪಡಿಸುವಂತೆ ಆದೇಶಿಸಲು ಆಯೋಗಕ್ಕೆ ಅಧಿಕಾರವಿದೆ.

(ಇ) ರಸೀದಿ, ಗಾಯದ ದಿನಾಂಕಸಹಿತ ಛಾಯಾಚಿತ್ರ ಹಾಗೂ ಮೊಬೈಲ್ ಸಂದೇಶಗಳನ್ನು ಕಾಪಾಡುವುದು.

(ಈ) ಪ್ರಾಣಿ ಬದುಕಿದ್ದಲ್ಲಿ, ಮತ್ತೊಬ್ಬ ಪಶುವೈದ್ಯರಿಂದ ಲಿಖಿತ ಅಭಿಪ್ರಾಯ ಪಡೆಯುವುದು.

ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ, ನಂತರ ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ಮುಂತಾದ ಸೂಚನೆಗಳನ್ನು ಮಾಲೀಕರು ಪಾಲಿಸಿದ್ದರೇ ಎಂಬುದೂ ವಿಚಾರಣೆಯಲ್ಲಿ ಪರಿಗಣನೆಗೆ ಬರಬಹುದು.

3. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ

ಮೊದಲು ಆಸ್ಪತ್ರೆಗೆ ಲಿಖಿತ ನೋಟಿಸು ನೀಡಿ ಉತ್ತರಕ್ಕೆ ಸಮಯಾವಕಾಶ ಕೊಡುವುದು ಒಳಿತು. ಬಗೆಹರಿಯದಿದ್ದಲ್ಲಿ, ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೂ ದೂರು ದಾಖಲಿಸಬಹುದು. ಜಿಲ್ಲಾ ಆಯೋಗದ ಮಿತಿ 50 ಲಕ್ಷ ರೂಪಾಯಿ. ಇದನ್ನು ಕೇಳುವ ಪರಿಹಾರದ ಮೇಲಲ್ಲ, ಪಾವತಿಸಿದ ಶುಲ್ಕದ ಮೇಲೆ ಲೆಕ್ಕ ಹಾಕಲಾಗುತ್ತದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. ಉಭಯ ಪಕ್ಷಗಾರರು ಒಪ್ಪಿದಲ್ಲಿ ಮಧ್ಯಸ್ಥಿಕೆಗೆ ಅವಕಾಶವಿದೆ. ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

4. ಕರ್ನಾಟಕ ಪಶುವೈದ್ಯಕೀಯ ಪರಿಷತ್ತು

ಭಾರತೀಯ ಪಶುವೈದ್ಯಕೀಯ ಪರಿಷತ್ತು ಅಧಿನಿಯಮ, 1984ರ ಪ್ರಕಾರ ಪಶುವೈದ್ಯರು ನೋಂದಾಯಿತರಾಗಿರತಕ್ಕದ್ದು. ಶಸ್ತ್ರಚಿಕಿತ್ಸೆ ಮಾಡಿದವರು ನೋಂದಾಯಿತರಲ್ಲವೆಂಬ ಸಂಶಯವಿದ್ದಲ್ಲಿ ಅಥವಾ ಅವರ ವೃತ್ತಿ ನಡತೆಯ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಪರಿಷತ್ತಿಗೆ ದೂರು ನೀಡಬಹುದು.

ಈ ಎರಡು ಸಂಸ್ಥೆಗಳ ಕಾರ್ಯವ್ಯಾಪ್ತಿ ಬೇರೆ ಬೇರೆ. ಆಯೋಗವು ಶುಲ್ಕದ ಮರುಪಾವತಿ, ಹೆಚ್ಚುವರಿ ಚಿಕಿತ್ಸಾ ವೆಚ್ಚ, ಮಾನಸಿಕ ವೇದನೆಗೆ ಪರಿಹಾರ ಕೊಡಿಸಬಹುದು. ವೈದ್ಯರ ನೋಂದಣಿಯನ್ನು ರದ್ದುಪಡಿಸಲಾರದು. ಪರಿಷತ್ತು ವೃತ್ತಿ ನಡತೆಯನ್ನು ಪರಿಶೀಲಿಸುತ್ತದೆ, ಪರಿಹಾರಧನ ಕೊಡಿಸಲಾರದು. ಪರಿಹಾರ ಬಯಸುವವರು ಪರಿಷತ್ತಿನ ತೀರ್ಮಾನಕ್ಕಾಗಿ ಕಾಯುತ್ತಾ 2 ವರ್ಷಗಳ ಕಾಲಮಿತಿ ಮೀರದಂತೆ ಎಚ್ಚರ ವಹಿಸತಕ್ಕದ್ದು.

ಗಮನಿಸಿ: ಹೆಚ್ಚಿನ ಮಾಹಿತಿಗೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು. ಇಲ್ಲಿನ ವಿವರಗಳು ಮಾರ್ಗದರ್ಶನಕ್ಕಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಉಪಬಂಧಗಳೇ ಅಂತಿಮ.